ಎಳ್ಳಿನ ಬಾಗಿಲು ಯಾರಿಗೆ ತೆರೆಯಿತು?

ಊಟದ ಹೊತ್ತಿಗೆ ನಮ್ಮ ಮನೆಗಳಲ್ಲಿ ಇಂದು ಸಾಮಾನ್ಯವಾಗಿ ಕಾಣುವ ಒಂದು ದೃಶ್ಯವಿದೆ. ಎರಡೂವರೆ ವರ್ಷದ ಮಗು ಗೋಡೆಗೆ ಒರಗಿ ಕುಳಿತಿದೆ. ಎದುರಿಗೆ ನೀರಿನ ಚೊಂಬಿಗೆ ಆನಿಸಿಟ್ಟ ಮೊಬೈಲ್. ಅದರಲ್ಲಿ ಬಣ್ಣಬಣ್ಣದ ಆನೆ, ಬಸ್ಸು, ಎ ಬಿ ಸಿ ಡಿ. ತಾಯಿಯ ಕೈಯಿಂದ ತುತ್ತು ಒಂದೊಂದಾಗಿ ಬಾಯಿಗೆ ಹೋಗುತ್ತಿದೆ. ತಿನ್ನುತ್ತಿರುವುದು ಗಂಜಿಯೋ ಮೀನುಸಾರಿನ ಅನ್ನವೋ ಎಂಬ ಪರಿವೆ ಮಗುವಿಗಿಲ್ಲ. ಹಸಿವು ತೀರಿತೋ ಇಲ್ಲವೋ ಎಂಬುದೂ ಅದಕ್ಕೆ ತಿಳಿಯುವುದಿಲ್ಲ. ಮೂಲೆಯಲ್ಲಿ ಕುಳಿತ ಅಜ್ಜಿ ಗೊಣಗುತ್ತಾಳೆ. ನಾವು ಆಕೆಗೆ ಸಮಾಧಾನ ಹೇಳುತ್ತೇವೆ: "ಇರಲಿ ಬಿಡಿ, ಏನಾದರೂ ಕಲಿಯುತ್ತದಲ್ಲ!"

ಈ "ಏನಾದರೂ ಕಲಿಯುತ್ತದಲ್ಲ" ಎಂಬ ಮಾತನ್ನು ನಾವು ಗಂಭೀರವಾಗಿ ಪರಿಶೀಲಿಸಿದ್ದೇ ಇಲ್ಲ. ಪರದೆ ಕಂಡರೆ ಬೆಂಕಿ ಕಂಡಂತೆ ಬೆಚ್ಚಿಬೀಳುವವರು ಒಂದು ಕಡೆ, ಮಗುವನ್ನು ಪೂರ್ತಿಯಾಗಿ ಪರದೆಗೇ ಒಪ್ಪಿಸಿ ನಿರಾಳರಾದವರು ಇನ್ನೊಂದು ಕಡೆ. ಎರಡೂ ಗುಂಪಿನವರು ಒಂದು ಪ್ರಶ್ನೆಯನ್ನು ಕೇಳುವುದಿಲ್ಲ. ಪರದೆಯಿಂದ ಮಗು ನಿಜವಾಗಿ ಕಲಿತದ್ದುಂಟೇ? ಕಲಿತಿದ್ದರೆ ಯಾವ ಮಗು, ಯಾವ ಭಾಷೆಯಲ್ಲಿ, ಯಾರ ಪಕ್ಕದಲ್ಲಿ ಕುಳಿತು ಕಲಿಯಿತು? ಈ ಪ್ರಶ್ನೆಗೆ ಉತ್ತರ ಹುಡುಕಿದ ಐವತ್ತಕ್ಕೂ ಹೆಚ್ಚು ವರ್ಷಗಳ ಒಂದು ಚರಿತ್ರೆಯಿದೆ. ಅದು ಆರಂಭವಾದದ್ದು ನ್ಯೂಯಾರ್ಕಿನಲ್ಲಿ. ಆದರೆ ಅದರ ಒಂದು ಎಳೆ ಕುವೈತಿಗೂ ಕೈರೋಗೂ ಹೋಗಿದೆ. ಅದೇ ಪ್ರಶ್ನೆಯ ಇನ್ನೊಂದು ಎಳೆ ನಮ್ಮದೇ ಗುಲ್ಬರ್ಗ, ರಾಯಚೂರು, ಬಿಜಾಪುರದ ಹಳ್ಳಿಗಳಲ್ಲಿದೆ.

1966ರಲ್ಲಿ ನ್ಯೂಯಾರ್ಕಿನ ಒಂದು ಮನೆಯಲ್ಲಿ ನಡೆದ ಔತಣಕೂಟದಲ್ಲಿ ಟಿ.ವಿ. ನಿರ್ಮಾಪಕಿ ಜೋನ್ ಗ್ಯಾಂಝ್ ಕೂನಿ ಮತ್ತು ಕಾರ್ನೆಗಿ ಪ್ರತಿಷ್ಠಾನದ ಮನಃಶಾಸ್ತ್ರಜ್ಞ ಲಾಯ್ಡ್ ಮಾರಿಸೆಟ್ ಮಾತಿಗಿಳಿದರು. ಮಾರಿಸೆಟ್ ತನ್ನ ಮೂರು ವರ್ಷದ ಮಗಳ ವಿಷಯ ಹೇಳಿದರು. ಅವಳು ಬೆಳ್ಳಂಬೆಳಗ್ಗೆ ಎದ್ದು, ಕಾರ್ಯಕ್ರಮ ಶುರುವಾಗುವ ಮೊದಲೇ, ಟಿ.ವಿ.ಯ ಮೇಲಿನ ಬರಿಯ ಗೆರೆ ಚಿತ್ರವನ್ನು ನೋಡುತ್ತಾ ಕುಳಿತಿರುತ್ತಿದ್ದಳು. ಜಾಹೀರಾತಿನ ಹಾಡುಗಳೆಲ್ಲ ಅವಳಿಗೆ ಬಾಯಿಪಾಠ. ಬಿಯರ್, ಸೋಪುಗಳ ಹೆಸರನ್ನು ಮಗುವಿನ ಬಾಯಲ್ಲಿ ಹಾಡಿಸಬಲ್ಲ ಈ ಪೆಟ್ಟಿಗೆ ಅಕ್ಷರವನ್ನೂ ಅಂಕೆಯನ್ನೂ ಏಕೆ ಹಾಡಿಸಬಾರದು ಎಂಬ ಸರಳ ಪ್ರಶ್ನೆ ಅಲ್ಲಿ ಹುಟ್ಟಿತು. ಸರಕಾರ ಮತ್ತು ಪ್ರತಿಷ್ಠಾನಗಳಿಂದ ಸುಮಾರು 80 ಲಕ್ಷ ಡಾಲರ್ ಸಂಗ್ರಹವಾಯಿತು. 1969ರ ನವೆಂಬರ್ 10ರಂದು "ಸೆಸಮೆ ಸ್ಟ್ರೀಟ್" ಪ್ರಸಾರ ಆರಂಭಿಸಿತು. ಅದರ ಮುಖ್ಯ ಗುರಿ ಬಾಲವಾಡಿಯ ಮುಖ ನೋಡದೆ ನೇರವಾಗಿ ಒಂದನೇ ತರಗತಿಗೆ ಬಂದು ಮೊದಲ ದಿನವೇ ಹಿಂದೆ ಬೀಳುತ್ತಿದ್ದ ಬಡ ಮಕ್ಕಳು, ವಿಶೇಷವಾಗಿ ನಗರದ ಕಪ್ಪು ಜನಾಂಗದ ಮಕ್ಕಳು.

ಹೆಸರಿನ ಕತೆಯೂ ಸ್ವಾರಸ್ಯಕರವಾಗಿದೆ. ಸೆಸಮೆ ಎಂದರೆ ಎಳ್ಳು. ಆಲಿಬಾಬಾನ ಕತೆಯಲ್ಲಿ ಗುಹೆಯ ಬಾಗಿಲು ತೆರೆಯಲು ಹೇಳುವ ಮಾತು, ಅರಬಿಯಲ್ಲಿ "ಇಫ್ತಹ್ ಯಾ ಸಿಮ್‌ಸಿಮ್". ಆ ಕತೆ ಅರೇಬಿಯನ್ ನೈಟ್ಸ್‌ನ ಹಳೆಯ ಅರಬಿ ಹಸ್ತಪ್ರತಿಗಳಲ್ಲಿ ಇಲ್ಲ. ಅಲೆಪ್ಪೊದ ಹನ್ನಾ ದಿಯಾಬ್ ಎಂಬಾತ 1709ರಲ್ಲಿ ಪ್ಯಾರಿಸಿನಲ್ಲಿ ಆಂತ್ವಾನ್ ಗಲ್ಲಾನ್‌ಗೆ ಬಾಯಿಮಾತಿನಲ್ಲಿ ಹೇಳಿದ ಕತೆ ಅದು. ಅಲೆಪ್ಪೊದಿಂದ ಪ್ಯಾರಿಸಿಗೆ, ಅಲ್ಲಿಂದ ನ್ಯೂಯಾರ್ಕಿನ ಬಡ ಬೀದಿಗೆ, ಮತ್ತೆ ಅಲ್ಲಿಂದ ಕುವೈತಿಗೆ ಈ ಮಾತು ಪಯಣಿಸಿತು. ಸಂಸ್ಕೃತಿಗಳ ನಡುವೆ ಬೇಲಿ ಹಾಕಲು ಹೊರಟವರು ಈ ಒಂದು ಎಳ್ಳಿನ ಕಾಳಿನ ದಾರಿಯನ್ನಾದರೂ ನೋಡಬೇಕು.

ಈ ಕಾರ್ಯಕ್ರಮದ ಕಲೆಯ ಬಗ್ಗೆ ಮೊದಲು ಮಾತಾಡೋಣ. ಅದು ತನ್ನ ರೂಪವನ್ನು ಎರವಲು ಪಡೆದದ್ದು ಜಾಹೀರಾತಿನಿಂದ. ಒಂದು ಅಕ್ಷರವನ್ನು ಒಂದು ಸರಕಿನಂತೆ ಚಿಕ್ಕ ಚಿಕ್ಕ ತುಣುಕುಗಳಲ್ಲಿ ಮತ್ತೆ ಮತ್ತೆ ತೋರಿಸುವುದು, ಹಾಡಿಸುವುದು, ನಗಿಸುವುದು. ಇಂದಿನ ಕಾರ್ಯಕ್ರಮದ ಪ್ರಾಯೋಜಕರು ಇಂಥ ಅಕ್ಷರ, ಇಂಥ ಅಂಕೆ ಎಂದು ಕೊನೆಯಲ್ಲಿ ಘೋಷಿಸುವುದು. ಇದರ ಹಿಂದೆ ಜಿಮ್ ಹೆನ್ಸನ್‌ನ ಬೊಂಬೆಗಳಿದ್ದವು. ಅಷ್ಟೇ ಮುಖ್ಯವಾಗಿ ಸಂಶೋಧಕರಿದ್ದರು. ಎಡ್ವರ್ಡ್ ಪಾಮರ್ ಎಂಬ ಸಂಶೋಧಕ ಟಿ.ವಿ.ಯ ಪಕ್ಕದಲ್ಲಿ ಇನ್ನೊಂದು ಪರದೆಯಿಟ್ಟು, ಅದರಲ್ಲಿ ಬೇರೆ ಬೇರೆ ಚಿತ್ರಗಳನ್ನು ಬದಲಿಸುತ್ತಾ, ಮಗುವಿನ ಕಣ್ಣು ಯಾವಾಗ ಕಾರ್ಯಕ್ರಮದಿಂದ ಆಚೆ ಸರಿಯುತ್ತದೆ ಎಂದು ಕ್ಷಣಕ್ಷಣಕ್ಕೂ ಬರೆದಿಡುತ್ತಿದ್ದರು. ಬೊಂಬೆಗಳನ್ನೂ ಮನುಷ್ಯರನ್ನೂ ಒಂದೇ ದೃಶ್ಯದಲ್ಲಿ ಬೆರೆಸಬಾರದು, ಮಗುವಿಗೆ ಗೊಂದಲವಾಗುತ್ತದೆ ಎಂಬುದು ಮೊದಲಿಗೆ ತಜ್ಞರ ಸಲಹೆಯಾಗಿತ್ತು. ಪರೀಕ್ಷಾ ಕಂತುಗಳಲ್ಲಿ ಬರೀ ಮನುಷ್ಯರ ಬೀದಿ ಬಂದಾಗಲೆಲ್ಲ ಮಕ್ಕಳು ಮುಖ ತಿರುಗಿಸಿದರು. ತಜ್ಞರ ಸಲಹೆಯನ್ನು ಬದಿಗಿಟ್ಟು ಬೊಂಬೆಗಳನ್ನು ಬೀದಿಗಿಳಿಸಲಾಯಿತು. ಎತ್ತರದ ಹಳದಿ ಹಕ್ಕಿ "ಬಿಗ್ ಬರ್ಡ್" ಹುಟ್ಟಿದ್ದು ಹೀಗೆ. ಮಗುವಿನ ಕಣ್ಣಿಗೆ ತಜ್ಞನ ಮಾತಿಗಿಂತ ಹೆಚ್ಚು ಬೆಲೆ ಕೊಟ್ಟದ್ದೇ ಈ ಕೃತಿಯ ದೊಡ್ಡ ಗುಣ ಎಂದು ನಾವು ಭಾವಿಸುತ್ತೇವೆ.

ಆದರೆ ಎರವಲು ತಂದ ರೂಪಕ್ಕೆ ಅದರದ್ದೇ ಆದ ಋಣವಿರುತ್ತದೆ. 1971ರಲ್ಲಿ ಬಿ.ಬಿ.ಸಿ.ಯ ಮಕ್ಕಳ ವಿಭಾಗದ ಮುಖ್ಯಸ್ಥೆ ಮೋನಿಕಾ ಸಿಮ್ಸ್ ಈ ಕಾರ್ಯಕ್ರಮವನ್ನು ಪ್ರಸಾರ ಮಾಡಲು ನಿರಾಕರಿಸಿದರು. ಇದರಲ್ಲಿ ಅಧಿಕಾರವಾಣಿಯ ಧೋರಣೆಯಿದೆ, ಸರಿಯುತ್ತರಕ್ಕೆ ಮಗುವನ್ನು ಒಗ್ಗಿಸುವ ಉದ್ದೇಶವಿದೆ ಎಂಬುದು ಅವರ ಆಕ್ಷೇಪ. 1985ರಲ್ಲಿ ನೀಲ್ ಪೋಸ್ಟ್‌ಮನ್ ಇನ್ನೂ ಆಳಕ್ಕೆ ಕೈಹಾಕಿದರು. ಈ ಕಾರ್ಯಕ್ರಮ ಮಕ್ಕಳಿಗೆ ಶಾಲೆಯನ್ನು ಪ್ರೀತಿಸಲು ಕಲಿಸುವುದಿಲ್ಲ, ಶಾಲೆ ಟಿ.ವಿ.ಯಂತೆ ಇದ್ದರೆ ಮಾತ್ರ ಪ್ರೀತಿಸಲು ಕಲಿಸುತ್ತದೆ ಎಂಬುದು ಅವರ ವಾದದ ಸಾರ. ಈ ಮಾತನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಪುಸ್ತಕ ಮಗುವನ್ನು ಕಾಯುತ್ತದೆ, ಪರದೆ ಕಾಯುವುದಿಲ್ಲ. ಪುಸ್ತಕದ ಪುಟದಲ್ಲಿ ಮಗು ಬೆರಳಿಟ್ಟು ನಿಲ್ಲಬಹುದು. ಪರದೆಯ ಮೇಲಿನ "ಅ" ನಿಲ್ಲುವುದಿಲ್ಲ, ಕುಣಿದು ಮಾಯವಾಗುತ್ತದೆ.

ಆದರೂ ಪೋಸ್ಟ್‌ಮನ್‌ರ ವಾದಕ್ಕೆ ನಮ್ಮದೊಂದು ತಕರಾರಿದೆ. ಅವರು ಪುಸ್ತಕವಿರುವ ಮನೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಮಾತಾಡುತ್ತಾರೆ. ಪುಸ್ತಕವೂ ಟಿ.ವಿ.ಯೂ ಎರಡೂ ಇರುವ ಮನೆಯಲ್ಲಿ ಯಾವುದು ಮೇಲು ಎಂಬ ಚರ್ಚೆಗೆ ಅರ್ಥವಿದೆ. ಒಂದೂ ಪುಸ್ತಕವಿಲ್ಲದ ಮನೆಯಲ್ಲಿ ಆ ಚರ್ಚೆಯ ಸ್ವರೂಪವೇ ಬೇರೆ. ಅಲ್ಲದೆ, ಈ ಕಾರ್ಯಕ್ರಮ ಕಲಿಸಿದ್ದು ಬರೀ ಅಕ್ಷರವನ್ನಲ್ಲ. ಗಾರ್ಡನ್ ಮತ್ತು ಸೂಸನ್ ಎಂಬ ಕಪ್ಪು ದಂಪತಿ ಆ ಬೀದಿಯ ಹಿರಿಯರಂತೆ ಇದ್ದರು. ಬಿಳಿಯರು, ಕರಿಯರು ಅಕ್ಕಪಕ್ಕದ ಮನೆಯವರಾಗಿ ಬದುಕುತ್ತಿದ್ದರು. 1970ರ ಮೇ ತಿಂಗಳಲ್ಲಿ ಮಿಸಿಸಿಪ್ಪಿ ರಾಜ್ಯದ ಟಿ.ವಿ. ಆಯೋಗ ಇದೇ ಕಾರಣಕ್ಕೆ ಕಾರ್ಯಕ್ರಮವನ್ನು ನಿಷೇಧಿಸಿತು. ಟೀಕೆಗಳ ಸುರಿಮಳೆಯಾದ ಮೇಲೆ ಕೆಲವೇ ವಾರಗಳಲ್ಲಿ ನಿಷೇಧವನ್ನು ಹಿಂತೆಗೆಯಿತು. ಎ ಬಿ ಸಿ ಡಿ ಯಾರನ್ನೂ ಹೆದರಿಸುವುದಿಲ್ಲ. ಎ ಬಿ ಸಿ ಡಿಯನ್ನು ಯಾರ ಪಕ್ಕದಲ್ಲಿ ಕುಳಿತು ಕಲಿಯುತ್ತೇವೆ ಎಂಬುದು ಮಾತ್ರ ಕೆಲವರನ್ನು ಹೆದರಿಸುತ್ತದೆ. ಇದು ನಮ್ಮ ನಾಡಿನವರಿಗೆ ವಿವರಿಸಿ ಹೇಳಬೇಕಾದ ಸಂಗತಿಯೇನಲ್ಲ.

ಇನ್ನು ಕಲಿತರೋ ಇಲ್ಲವೋ ಎಂಬ ಮೂಲ ಪ್ರಶ್ನೆ. ಮೊದಲ ಎರಡು ವರ್ಷಗಳಲ್ಲೇ ನಡೆದ ಮೌಲ್ಯಮಾಪನಗಳು ಹೆಚ್ಚು ನೋಡಿದ ಮಕ್ಕಳು ಹೆಚ್ಚು ಕಲಿತರು ಎಂದವು. 2013ರಲ್ಲಿ ಮೇರಿಸ್ ಮತ್ತು ಪ್ಯಾನ್ ಎಂಬ ಸಂಶೋಧಕರು 15 ದೇಶಗಳ 24 ಅಧ್ಯಯನಗಳನ್ನು, 10 ಸಾವಿರಕ್ಕೂ ಹೆಚ್ಚು ಮಕ್ಕಳ ವಿವರಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಅಕ್ಷರ, ಅಂಕೆ, ಆರೋಗ್ಯದ ತಿಳಿವಳಿಕೆ, ಪರರ ಬಗೆಗಿನ ಮನೋಭಾವ ಇವೆಲ್ಲದರಲ್ಲೂ ಲಾಭ ಕಂಡುಬಂತು. 2019ರಲ್ಲಿ ಪ್ರಕಟವಾದ ಕಿಯರ್ನಿ ಮತ್ತು ಲೆವಿನ್ ಎಂಬ ಅರ್ಥಶಾಸ್ತ್ರಜ್ಞರ ಅಧ್ಯಯನ ಇನ್ನೂ ಜಾಣತನದ್ದು. 1969ರಲ್ಲಿ ಅಮೆರಿಕದ ಮೂರನೇ ಎರಡು ಭಾಗದಷ್ಟು ಜನರಿಗೆ ಮಾತ್ರ ಈ ಕಾರ್ಯಕ್ರಮದ ಪ್ರಸಾರ ಸಿಗುತ್ತಿತ್ತು. ಪ್ರಸಾರ ಚೆನ್ನಾಗಿ ಸಿಗುತ್ತಿದ್ದ ಊರುಗಳ ಮಕ್ಕಳು ವಯಸ್ಸಿಗೆ ತಕ್ಕ ತರಗತಿಯಲ್ಲಿ ಇರುವ ಸಾಧ್ಯತೆ ಹೆಚ್ಚಿತ್ತು ಎಂದು ಅವರು ತೋರಿಸಿದರು. ಆದರೆ ದೊಡ್ಡವರಾದ ಮೇಲೆ ಅವರ ವಿದ್ಯಾಭ್ಯಾಸ ಎಷ್ಟು ಮುಂದೆ ಹೋಯಿತು ಎಂಬುದರ ಮೇಲೆ ಸ್ಪಷ್ಟ ಪರಿಣಾಮ ಕಾಣಲಿಲ್ಲ. ಅಂದರೆ ಟಿ.ವಿ. ಮಗುವನ್ನು ಹೊಸ್ತಿಲವರೆಗೆ ಕೈಹಿಡಿದು ತರಬಲ್ಲದು. ಹೊಸ್ತಿಲು ದಾಟಿದ ಮೇಲೆ ಮೇಷ್ಟ್ರು ಬೇಕು, ಶಾಲೆ ಬೇಕು, ಮನೆಯಲ್ಲಿ ಅನ್ನವಿರಬೇಕು.

ಆದರೆ ನಮ್ಮನ್ನು ಹೆಚ್ಚು ಕಾಡಬೇಕಾದದ್ದು 1975ರಲ್ಲಿ ಥಾಮಸ್ ಕುಕ್ ಮತ್ತು ಅವರ ಸಂಗಡಿಗರು ಮಾಡಿದ ಮರುಪರಿಶೀಲನೆ. ಮೊದಲ ಅಧ್ಯಯನದಲ್ಲಿ ಸಂಶೋಧಕರ ಕಡೆಯವರು ಮನೆಮನೆಗೆ ಹೋಗಿ, ಮಗುವಿಗೆ ಇದನ್ನು ತೋರಿಸಿ ಎಂದು ತಾಯಂದಿರನ್ನು ಪ್ರೋತ್ಸಾಹಿಸಿದ್ದರು. ಆ ಪ್ರೋತ್ಸಾಹವನ್ನು ಪಕ್ಕಕ್ಕಿಟ್ಟರೆ ಕಲಿಕೆಯ ಲಾಭ ಬಹಳ ಕುಗ್ಗುತ್ತದೆ ಎಂದು ಕುಕ್ ತೋರಿಸಿದರು. ಜೊತೆಗೆ, ಉಳ್ಳವರ ಮಕ್ಕಳು ಇದನ್ನು ಹೆಚ್ಚು ನೋಡುತ್ತಿದ್ದುದರಿಂದ ಬಡವರ ಮತ್ತು ಉಳ್ಳವರ ನಡುವಿನ ಅಂತರ ಕುಗ್ಗುವ ಬದಲು ಹಿಗ್ಗಬಹುದು ಎಂದರು. ಎಂಥ ವಿಪರ್ಯಾಸ! ಬಡವರ ಮಗುವಿಗೆಂದು ತೆರೆದ ಬಾಗಿಲಿನಲ್ಲಿ ಉಳ್ಳವರ ಮಗು ಮೊದಲು ನುಗ್ಗಿತು. ಪಕ್ಕದಲ್ಲಿ ಕುಳಿತು "ಅದು ಏನು? ಇನ್ನೊಮ್ಮೆ ಹೇಳು" ಎನ್ನುವ ದೊಡ್ಡವರು ಇರುವ ಮನೆಗೆ ಟಿ.ವಿ. ಗುರುವಾಯಿತು. ಅಂಥವರಿಲ್ಲದ ಮನೆಗೆ ಅದು ಬರಿಯ ಬೆಳಕಾಯಿತು. ತಾಯಿಯ ಬಿಡುವೇ ಒಂದು ಆಸ್ತಿ ಎಂಬುದು ಬೀಡಿ ಕಟ್ಟಿ ಮನೆ ನಡೆಸುವ ಹೆಂಗಸರಿರುವ ನಮ್ಮ ಕರಾವಳಿಯಲ್ಲಿ ಯಾರಿಗೆ ಗೊತ್ತಿಲ್ಲ?

ಎರಡನೆಯ ಪ್ರಶ್ನೆ ಭಾಷೆಯದ್ದು. 1979ರಲ್ಲಿ ಗಲ್ಫ್ ರಾಷ್ಟ್ರಗಳ ಜಂಟಿ ನಿರ್ಮಾಣ ಸಂಸ್ಥೆ ಕುವೈತಿನಲ್ಲಿ "ಇಫ್ತಹ್ ಯಾ ಸಿಮ್‌ಸಿಮ್" ಆರಂಭಿಸಿತು. ಅದರಲ್ಲಿ ನುಅಮಾನ್ ಎಂಬ ಒಂಟೆ, ಮಲ್ಸೂನ್ ಎಂಬ ಗಿಳಿ. ಅರಬ್ ದೇಶಗಳಲ್ಲಿ ಮನೆಯ ಮಾತು ಒಂದು, ಪುಸ್ತಕದ ಭಾಷೆ ಇನ್ನೊಂದು. ಬಗ್ದಾದಿನ ಮನೆಮಾತು ಒಂದು ತೆರನಾದರೆ ಮೊರೊಕ್ಕೊದ್ದು ಬೇರೆಯೇ ತೆರ. ಯಾವ ಭಾಷೆಯಲ್ಲಿ ಬೊಂಬೆ ಮಾತಾಡಬೇಕು? ಅವರು ಸರಳವಾದ ಗ್ರಾಂಥಿಕ ಅರಬಿಯನ್ನು ಆರಿಸಿಕೊಂಡರು. ಮೂರು ವರ್ಷದ ಮಗು ಗ್ರಾಂಥಿಕ ಭಾಷೆಯನ್ನು ಸಹಿಸುತ್ತದೆಯೇ ಎಂಬ ಸಂಶಯವಿತ್ತು. ಆದರೆ ಒಂಟೆಯ ಬಾಯಲ್ಲಿ ಬಂದ ಆ ಭಾಷೆ ಮಕ್ಕಳಿಗೆ ಆಟದ ಭಾಷೆಯಾಯಿತು, ಹತ್ತಾರು ದೇಶಗಳ ಒಂದು ತಲೆಮಾರು ಅದನ್ನು ನೆನಪಿನಲ್ಲಿಟ್ಟುಕೊಂಡಿತು. 1990ರಲ್ಲಿ ಇರಾಕ್ ಕುವೈತಿನ ಮೇಲೆ ದಾಳಿ ಮಾಡಿದಾಗ ಈ ಬೀದಿಯೂ ನಿಂತುಹೋಯಿತು. 2015ರಲ್ಲಿ ಅಬುಧಾಬಿಯಿಂದ ಅದು ಮತ್ತೆ ತಯಾರಾಗುವ ಹೊತ್ತಿಗೆ ಕಾಲು ಶತಮಾನ ಕಳೆದಿತ್ತು. ಯುದ್ಧದ ಹಾನಿಯ ಲೆಕ್ಕ ಬರೆಯುವವರು ಎಣ್ಣೆಯ ಬಾವಿಗಳನ್ನು ಎಣಿಸುತ್ತಾರೆ. ಮಕ್ಕಳು ಕಳೆದುಕೊಂಡ ಒಂಟೆಯನ್ನು ಯಾರೂ ಎಣಿಸುವುದಿಲ್ಲ.

2000ದಲ್ಲಿ ಕೈರೋದಲ್ಲಿ ಹುಟ್ಟಿದ "ಆಲಮ್ ಸಿಮ್‌ಸಿಮ್" ಬೇರೆ ದಾರಿ ಹಿಡಿಯಿತು. ಅದರ ಬೊಂಬೆಗಳು ಈಜಿಪ್ಟಿನ ಆಡುಮಾತಿನಲ್ಲೇ ಮಾತಾಡಿದವು. ಖೋಖಾ ಎಂಬ ಪುಟ್ಟ ಹುಡುಗಿಬೊಂಬೆ ಒಂದು ದಿನ ವೈದ್ಯೆಯಾಗುತ್ತೇನೆ ಎನ್ನುತ್ತಿದ್ದಳು, ಇನ್ನೊಂದು ದಿನ ಬೇರೇನೋ ಆಗುತ್ತೇನೆ ಎನ್ನುತ್ತಿದ್ದಳು. ಹೆಣ್ಣುಮಕ್ಕಳನ್ನು ಶಾಲೆಯಿಂದ ಬಿಡಿಸುವ ಹಳ್ಳಿಗಳಿಗೆ ಅವಳ ಪ್ರಶ್ನೆಗಳು ತಲುಪಿದವು. ಕುವೈತಿನ ದಾರಿ ಸರಿಯೋ ಕೈರೋದ ದಾರಿ ಸರಿಯೋ ಎಂದು ಕೇಳಿದರೆ ಎರಡೂ ಸರಿ ಎಂದೇ ನಾವು ಹೇಳಬೇಕಾಗುತ್ತದೆ. ಏಕೆಂದರೆ ಎರಡೂ ಕಡೆ ಆಯ್ಕೆ ಮಾಡುವ ಮೊದಲು ಯೋಚಿಸಿದ್ದರು.

ನಾವು ಯೋಚಿಸಿದ್ದೇವೆಯೇ? ಮಂಗಳೂರಿನ ಬ್ಯಾರಿ ಮಗು ಮನೆಯಲ್ಲಿ ಬ್ಯಾರಿ ಮಾತಾಡುತ್ತದೆ, ಅಂಗಳದಲ್ಲಿ ತುಳು ಕೇಳುತ್ತದೆ, ಶಾಲೆಯಲ್ಲಿ ಕನ್ನಡ ಅಕ್ಷರ ತಿದ್ದುತ್ತದೆ. ಭಟ್ಕಳದ ಮಗುವಿನದ್ದು ನವಾಯತಿ, ಕಲಬುರಗಿಯ ಮಗುವಿನದ್ದು ದಖನಿ. ಕೊಂಕಣಿ, ಕೊಡವ, ಲಂಬಾಣಿ ಮಕ್ಕಳ ಕತೆಯೂ ಇದೇ. 2007ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಸ್ಥಾಪನೆಯಾಯಿತು, ಪುಸ್ತಕಗಳು ಬಂದವು, ಒಳ್ಳೆಯದು. ಆದರೆ ಮನೆಮಾತಿನಿಂದ ಕನ್ನಡ ಅಕ್ಷರಕ್ಕೆ ಮಗುವನ್ನು ದಾಟಿಸುವ ಒಂದು ಸಂಕ ಕಟ್ಟಬೇಕೆಂದು ಟಿ.ವಿ.ಯವರಿಗೂ ಅನಿಸಲಿಲ್ಲ, ನಮಗೂ ಅನಿಸಲಿಲ್ಲ. ಆ ಜಾಗದಲ್ಲಿ ಇಂದು ಇಂಗ್ಲಿಷ್ ಶಿಶುಗೀತೆಗಳು ಹರಿಯುತ್ತಿವೆ. ಮಗು "ಎಲಿಫೆಂಟ್" ಎನ್ನುತ್ತದೆ, ಅಜ್ಜಿ "ಆನೆ" ಎನ್ನುತ್ತಾಳೆ, ಮಗು ಅಜ್ಜಿಯನ್ನು ತಿದ್ದುತ್ತದೆ. ನಾವು ಹೆಮ್ಮೆಯಿಂದ ನಗುತ್ತೇವೆ.

ಕನ್ನಡದ ಮಟ್ಟಿಗೆ ಇನ್ನೊಂದು ಆತ್ಮವಿಮರ್ಶೆಯೂ ಅಗತ್ಯ. 1960ರ ದಶಕದಲ್ಲಿ ಕನ್ನಡ ಚಿತ್ರರಂಗದ ಉಳಿವಿಗಾಗಿ ಡಬ್ಬಿಂಗ್ ವಿರುದ್ಧ ಚಳವಳಿ ನಡೆಯಿತು. ಆ ಕಾಲಕ್ಕೆ ಅದಕ್ಕೆ ಕಾರಣಗಳಿದ್ದವು. ಆದರೆ ಕಾನೂನಿನ ಬಲವಿಲ್ಲದ ಆ ಕಟ್ಟಳೆ ಸಿನಿಮಾವನ್ನು ದಾಟಿ ಟಿ.ವಿ.ಗೂ ಹಬ್ಬಿತು. 2012ರಲ್ಲಿ "ಸತ್ಯಮೇವ ಜಯತೆ"ಯಂಥ ಸಾಮಾಜಿಕ ಕಾರ್ಯಕ್ರಮವೂ ಕನ್ನಡದಲ್ಲಿ ಪ್ರಸಾರವಾಗಲಿಲ್ಲ. 2015ರಲ್ಲಿ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆದ ಸಂಘಟನೆಗಳಿಗೆ ದಂಡ ವಿಧಿಸಿತು. ಈ ಜಗಳದಲ್ಲಿ ನಟರ, ನಿರ್ಮಾಪಕರ, ತಂತ್ರಜ್ಞರ ಮಾತು ಕೇಳಿಸಿತು. ಮಕ್ಕಳ ಪರವಾಗಿ ಮಾತಾಡಿದವರು ಎಷ್ಟು ಜನ? ಪ್ರಪಂಚದ ಪ್ರಾಣಿಪಕ್ಷಿಗಳ ಬಗ್ಗೆ, ವಿಜ್ಞಾನದ ಬಗ್ಗೆ ತನ್ನ ಭಾಷೆಯಲ್ಲಿ ನೋಡುವ ಹಕ್ಕು ಕನ್ನಡದ ಮಗುವಿಗೆ ಇದೆ ಎಂಬುದು ಭಾಷಾಭಿಮಾನದ ಲೆಕ್ಕದಲ್ಲಿ ಬರಲೇ ಇಲ್ಲ. 2006ರ ಆಗಸ್ಟ್ 15ರಂದು ಸೆಸಮೆಯ ಭಾರತೀಯ ಅವತಾರ "ಗಲ್ಲಿ ಗಲ್ಲಿ ಸಿಮ್ ಸಿಮ್" ಬಂತು. ಅದರಲ್ಲಿ ಶಾಲೆಯ ಸಮವಸ್ತ್ರ ತೊಟ್ಟ ಚಮ್ಕಿ ಎಂಬ ಹುಡುಗಿಯಿದ್ದಳು, ಬೂಂಬಾ ಎಂಬ ಸಿಂಹವಿತ್ತು. ಆದರೆ ಅದು ಹುಟ್ಟಿದ್ದು ಹಿಂದಿಯ ಗಲ್ಲಿಯಲ್ಲಿ. ನಮ್ಮ ಕೇರಿಯಿಂದ ಅಂಥದ್ದೊಂದು ಹುಟ್ಟಲಿಲ್ಲ.

ಮೂರನೆಯದು ಆರೋಗ್ಯದ ಪಾಠ. ಇಲ್ಲಿ ಈ ಬೊಂಬೆಗಳು ನಿಜಕ್ಕೂ ಧೈರ್ಯ ತೋರಿವೆ. ದಕ್ಷಿಣ ಆಫ್ರಿಕದಲ್ಲಿ ಎಚ್.ಐ.ವಿ. ಸೋಂಕಿನ ಬಗ್ಗೆ ದೊಡ್ಡವರೇ ಮಾತಾಡಲು ಹೆದರುತ್ತಿದ್ದ ಕಾಲದಲ್ಲಿ, 2002ರಲ್ಲಿ, "ತಕಲಾನಿ ಸೆಸಮೆ"ಗೆ ಕಾಮಿ ಎಂಬ ಐದು ವರ್ಷದ ಬೊಂಬೆ ಬಂದಳು. ಅವಳಿಗೆ ಸೋಂಕಿತ್ತು, ತಾಯಿ ಅದೇ ಕಾಯಿಲೆಯಿಂದ ತೀರಿಹೋಗಿದ್ದಳು. ಉಳಿದ ಬೊಂಬೆಗಳು ಅವಳ ಕೈಹಿಡಿದು ಆಡಿದವು. ಮುಟ್ಟಿದರೆ ರೋಗ ಬರುವುದಿಲ್ಲ ಎಂಬುದನ್ನು ಭಾಷಣದಿಂದ ಹೇಳಿದರೆ ಮಗು ಕೇಳುವುದಿಲ್ಲ. ಮುಟ್ಟಿ ತೋರಿಸಿದರೆ ಮಗು ನೋಡುತ್ತದೆ. ಇದು ನಮ್ಮ ದೃಷ್ಟಿಯಲ್ಲಿ ಮಕ್ಕಳ ಟಿ.ವಿ.ಯ ಅತ್ಯುತ್ತಮ ಕ್ಷಣಗಳಲ್ಲೊಂದು. ಅಮೆರಿಕದಲ್ಲಿ ಬೊಜ್ಜು ಮಕ್ಕಳ ಸಮಸ್ಯೆಯಾದಾಗ, 2005ರಲ್ಲಿ, ಬಿಸ್ಕತ್ತು ಮುಕ್ಕುವ "ಕುಕಿ ಮಾನ್‌ಸ್ಟರ್" ಕೂಡ ಬಿಸ್ಕತ್ತು ಎಂದಾದರೊಮ್ಮೆ ತಿನ್ನುವ ತಿಂಡಿ ಎಂದು ಒಪ್ಪಿಕೊಂಡ. 2013ರಲ್ಲಿ ಭಾರತ, ಬಾಂಗ್ಲಾದೇಶ, ನೈಜೀರಿಯಾಗಳಿಗಾಗಿ ರಾಯಾ ಎಂಬ ಬೊಂಬೆ ಬಂದಳು. ಶೌಚಾಲಯಕ್ಕೆ ಹೋಗುವಾಗ ಚಪ್ಪಲಿ ಹಾಕಿ, ಬಂದ ಮೇಲೆ ಸಾಬೂನಿನಿಂದ ಕೈ ತೊಳೆಯಿರಿ ಎಂಬುದು ಅವಳ ಪಾಠ.

ಈ ಪಾಠದಲ್ಲಿ ತಪ್ಪೇನಿದೆ? ಪಾಠದಲ್ಲಿ ತಪ್ಪಿಲ್ಲ, ಪಾಠ ಅಲ್ಲಿಗೇ ನಿಲ್ಲುವುದರಲ್ಲಿ ತಪ್ಪಿದೆ. ಕೈ ತೊಳೆಯಲು ನಲ್ಲಿ ಬೇಕು, ನಲ್ಲಿಯಲ್ಲಿ ನೀರು ಬೇಕು. ಶಾಲೆಯ ಶೌಚಾಲಯಕ್ಕೆ ಬೀಗ ಹಾಕಿದ್ದರೆ ಚಪ್ಪಲಿ ಹಾಕಿಕೊಂಡ ಮಗು ಎಲ್ಲಿಗೆ ಹೋಗಬೇಕು? ಸೌಕರ್ಯದ ಕೊರತೆಯನ್ನು ಅಭ್ಯಾಸದ ಕೊರತೆ ಎಂದು ಕರೆಯುವುದು ಆಳುವವರಿಗೆ ಬಹಳ ಅನುಕೂಲ. ಬಡವರ ಕಾಯಿಲೆಗೆ ಬಡವರ ಕೊಳಕೇ ಕಾರಣ ಎಂಬ ಹಳೆಯ ತೀರ್ಪು ಹೊಸ ಬೊಂಬೆಯ ಬಾಯಲ್ಲಿ ಮುದ್ದಾಗಿ ಕೇಳಿಸಬಹುದು. ಇನ್ನೊಂದು ಕಡೆ, ವಾಣಿಜ್ಯ ಚಾನೆಲುಗಳಲ್ಲಿ ಆರೋಗ್ಯದ ಮಾತು ಮುಗಿದ ಮರುಕ್ಷಣವೇ ಚಾಕಲೇಟು, ಕುರುಕಲು ತಿಂಡಿ, ಸಕ್ಕರೆ ಪಾನೀಯಗಳ ಜಾಹೀರಾತು. ಬೊಂಬೆ ಎಷ್ಟೇ ಜಾಣೆಯಾದರೂ ಜಾಹೀರಾತಿನ ಎದುರು ಅವಳಿಗೆ ಸಿಗುವುದು ಅರ್ಧ ಗಂಟೆ, ಜಾಹೀರಾತಿಗೆ ಇಡೀ ದಿನ.

ಹಾಗಾದರೆ ಕರ್ನಾಟಕದ ಚರಿತ್ರೆಯಲ್ಲಿ ಏನೂ ಇಲ್ಲವೇ? ಇದೆ. ನಾವೇ ಮರೆತಿದ್ದೇವೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎ.ಟಿ.ಎಸ್.-6 ಉಪಗ್ರಹದ ನೆರವಿನಿಂದ ಇಸ್ರೋ ಮತ್ತು ಆಕಾಶವಾಣಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿ.ವಿ. ತಲುಪಿಸಿದವು. "ಸೈಟ್" ಎಂದು ಹೆಸರಾದ ಆ ಪ್ರಯೋಗದಲ್ಲಿ ನಮ್ಮ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳಿದ್ದವು. ಬೆಳಗ್ಗೆ ಶಾಲಾ ಮಕ್ಕಳಿಗೆ, ಸಂಜೆ ಹಳ್ಳಿಯವರಿಗೆ ಕನ್ನಡದಲ್ಲೇ ಕಾರ್ಯಕ್ರಮ. ವ್ಯವಸಾಯ, ಆರೋಗ್ಯ, ಕುಟುಂಬ ಯೋಜನೆ, ಶಿಕ್ಷಣ. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರಲ್ಲಿ. ಅಂದರೆ ರಾಜಧಾನಿಯ ಮಗುವಿಗಿಂತ ಮೊದಲು ರಾಯಚೂರಿನ ಹಳ್ಳಿಯ ಮಗು ತನ್ನೂರಿನಲ್ಲೇ ಟಿ.ವಿ.ಯ ಎದುರು ಕುಳಿತಿತ್ತು, ಅದೂ ಕಲಿಯಲೆಂದು! ಒಂದು ವರ್ಷ ಮುಗಿಯುತ್ತಲೇ ಉಪಗ್ರಹವನ್ನು ಅದರ ಒಡೆಯರು ಹಿಂದಕ್ಕೆ ಒಯ್ದರು. 1977ರಲ್ಲಿ ಗುಲ್ಬರ್ಗದಲ್ಲಿ ಒಂದು ಪ್ರಸಾರ ಕೇಂದ್ರ ಸ್ಥಾಪನೆಯಾಯಿತಾದರೂ ಪ್ರಯೋಗದ ಹುರುಪು ಮರಳಲಿಲ್ಲ. 2004ರಲ್ಲಿ ಶಿಕ್ಷಣಕ್ಕೆಂದೇ "ಎಜುಸ್ಯಾಟ್" ಹಾರಿತು, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೆ ಪಾಠ ಬಂತು. ಪ್ರತಿ ಸಲವೂ ಉಪಗ್ರಹ ಹೊಸದು, ಘೋಷಣೆ ಹೊಸದು. ಹಳೆಯ ಪ್ರಯೋಗದಿಂದ ಕಲಿತ ಪಾಠ ಮಾತ್ರ ಹೊಸ ಪ್ರಯೋಗದ ಕಡತಕ್ಕೆ ಹೋಗುವುದಿಲ್ಲ.

2020ರಲ್ಲಿ ಕೊರೋನಾ ಶಾಲೆಗಳಿಗೆ ಬೀಗ ಹಾಕಿಸಿದಾಗ ಟಿ.ವಿ.ಯ ನೆನಪು ಮತ್ತೆ ಬಂತು. ಜುಲೈನಲ್ಲಿ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗೆ "ಸಂವೇದ" ಪಾಠಗಳು ಶುರುವಾದವು. ಆಗಸ್ಟಿನಲ್ಲಿ "ವಿದ್ಯಾಗಮ" ಬಂತು. ಮೇಷ್ಟ್ರುಗಳು ದೇವಸ್ಥಾನದ ಕಟ್ಟೆ, ಮರದ ನೆರಳು, ಮನೆಯ ಜಗಲಿಗಳಲ್ಲಿ ಮಕ್ಕಳನ್ನು ಕೂರಿಸಿಕೊಂಡು ಕಲಿಸಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಆ ನಿರ್ಧಾರದ ಸರಿತಪ್ಪು ಬೇರೆ ಮಾತು. ಆದರೆ ಪರದೆ ಮತ್ತು ಮೇಷ್ಟ್ರು ಒಂದಕ್ಕೊಂದು ಬದಲಿಯಲ್ಲ, ಒಂದಕ್ಕೊಂದು ಜೊತೆ ಎಂಬುದು ಆ ಕೆಲವು ತಿಂಗಳುಗಳಲ್ಲಿ ಕಣ್ಣಿಗೆ ಕಟ್ಟಿತು. ಅದೇ ಕಾಲದಲ್ಲಿ ಸಿರಿಯಾದ ನಿರಾಶ್ರಿತ ಮಕ್ಕಳಿಗಾಗಿ "ಅಹ್ಲನ್ ಸಿಮ್‌ಸಿಮ್" ಪ್ರಸಾರವಾಗುತ್ತಿತ್ತು. ಅದರ ಜೊತೆಗೆ ಲೆಬನಾನಿನಲ್ಲಿ ಶಿಕ್ಷಕಿಯರು ಫೋನಿನ ಮೂಲಕ ತಾಯಂದಿರೊಡನೆ, ಮಕ್ಕಳೊಡನೆ ಮಾತಾಡಿ ಕಲಿಸಿದ 11 ವಾರಗಳ ತರಗತಿಯ ಫಲ ಬಾಲವಾಡಿಯ ಫಲಕ್ಕೆ ಹತ್ತಿರವಿತ್ತು ಎಂದು 2023ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇಲ್ಲಿ ಗೆದ್ದದ್ದು ಫೋನಿನ ಯಂತ್ರವಲ್ಲ, ಅದರ ಆ ತುದಿಯಲ್ಲಿದ್ದ ಶಿಕ್ಷಕಿ, ಈ ತುದಿಯಲ್ಲಿದ್ದ ತಾಯಿ.

ಕೊನೆಯದಾಗಿ ಹಣದ ಪ್ರಶ್ನೆ. ಬಡ ಮಕ್ಕಳಿಗೆಂದು ಸಾರ್ವಜನಿಕ ಹಣದಿಂದ ಹುಟ್ಟಿದ ಸೆಸಮೆ ಸ್ಟ್ರೀಟ್ 2016ರಿಂದ ಹೊಸ ಕಂತುಗಳನ್ನು ಮೊದಲು ಹಣ ಕೊಟ್ಟು ನೋಡುವ ಎಚ್.ಬಿ.ಓ.ಗೆ ಕೊಟ್ಟಿತು. ಸಾರ್ವಜನಿಕ ವಾಹಿನಿಯ ಮಗು ಒಂಬತ್ತು ತಿಂಗಳು ಕಾಯಬೇಕಾಯಿತು. 2025ರಲ್ಲಿ ನೆಟ್‌ಫ್ಲಿಕ್ಸ್ ಜೊತೆ ಹೊಸ ಒಪ್ಪಂದವಾಗಿ ಆ ಕಾಯುವಿಕೆ ತಪ್ಪಿತು. ಆದರೆ ಅದೇ ವರ್ಷದ ಜುಲೈನಲ್ಲಿ ಅಮೆರಿಕದ ಸಂಸತ್ತು ಸಾರ್ವಜನಿಕ ಪ್ರಸಾರಕ್ಕೆ ಕೊಟ್ಟಿದ್ದ ಅನುದಾನವನ್ನೇ ಹಿಂತೆಗೆದುಕೊಂಡಿತು. ಶ್ರೀಮಂತ ದೇಶದ ಅತ್ಯಂತ ಪ್ರೀತಿಯ ಕಾರ್ಯಕ್ರಮದ ಗತಿಯೇ ಇದಾದರೆ ಮಾರುಕಟ್ಟೆಯನ್ನು ನಂಬಿ ಮಕ್ಕಳ ಕಲಿಕೆಯನ್ನು ಬಿಡುವಂತಿಲ್ಲ ಎಂಬುದು ಸ್ಪಷ್ಟ. 2009ರಲ್ಲಿ ಡಿಸ್ನಿ ಸಂಸ್ಥೆ ಶಿಶುಗಳ ಬುದ್ಧಿ ಬೆಳೆಸುವ ಹೆಸರಿನ "ಬೇಬಿ ಐನ್‌ಸ್ಟೈನ್" ವಿಡಿಯೊಗಳಿಗೆ ಹಣ ವಾಪಸು ಕೊಡುವುದಾಗಿ ಪ್ರಕಟಿಸಬೇಕಾಯಿತು. ಎರಡು ವರ್ಷದೊಳಗಿನ ಮಗು ಪರದೆಯಿಂದ ಕಲಿಯುವುದಕ್ಕಿಂತ ಎದುರಿಗಿರುವ ಮನುಷ್ಯರಿಂದಲೇ ಹೆಚ್ಚು ಕಲಿಯುತ್ತದೆ. 2019ರ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯೂ ಒಂದು ವರ್ಷದೊಳಗೆ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎನ್ನುತ್ತದೆ.

ನಮಗೆ ಬೇಕಾದುದು ದೊಡ್ಡ ಬಂಡವಾಳವೇನಲ್ಲ. 2002ರಲ್ಲಿ ಚಂದನದಲ್ಲಿ ಆರಂಭವಾದ "ಥಟ್ ಅಂತ ಹೇಳಿ" ಬಹುಮಾನವಾಗಿ ಪುಸ್ತಕ ಕೊಟ್ಟೇ ಜನರನ್ನು ಗೆದ್ದಿತು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶಿಕ್ಷಕರು ತಾವೇ ಕಾರ್ಡು, ಹಾಡು ತಯಾರಿಸಿ "ನಲಿ ಕಲಿ" ರೂಪಿಸಿದರು. ಅಹಮದಾಬಾದಿನ ಬ್ರಿಜ್ ಕೊಠಾರಿ 1999ರಲ್ಲಿ ಟಿ.ವಿ.ಯ ಗುಜರಾತಿ ಸಿನಿಮಾ ಹಾಡುಗಳ ಕೆಳಗೆ ಅದೇ ಭಾಷೆಯ ಸಾಲುಗಳನ್ನು ಓಡಿಸಿ, ಹಾಡು ಕೇಳುತ್ತಲೇ ಓದುವ ಅಭ್ಯಾಸ ಮಾಡಿಸಿದರು. ಈ ಮೂರನ್ನೂ ಒಟ್ಟಿಗೆ ನೋಡಿದರೆ ದಾರಿ ಕಾಣುತ್ತದೆ. ಚಂದನದಲ್ಲಿ ಜಾಹೀರಾತಿಲ್ಲದ ದಿನದ ಅರ್ಧ ಗಂಟೆ. ಅಂಗನವಾಡಿಯಲ್ಲಿ ಅದನ್ನು ಮಕ್ಕಳ ಜೊತೆ ಕುಳಿತು ನೋಡಿ, ನಿಲ್ಲಿಸಿ, ಪ್ರಶ್ನೆ ಕೇಳುವ ಕಾರ್ಯಕರ್ತೆ, ಮತ್ತು ಆ ಹೆಚ್ಚಿನ ಕೆಲಸಕ್ಕೆ ಆಕೆಗೆ ತಕ್ಕ ಸಂಬಳ. ಬ್ಯಾರಿ, ತುಳು, ದಖನಿ, ಲಂಬಾಣಿ ಮಾತಾಡುವ ಬೊಂಬೆಗಳು ಕನ್ನಡದ ಬೊಂಬೆಯೊಡನೆ ಒಂದೇ ಕೇರಿಯಲ್ಲಿ ಬದುಕುವ ಕತೆ. ಮಗು ಬೆರಳಿಟ್ಟು ನಿಲ್ಲಬಹುದಾದ ಒಂದು ತೆಳ್ಳಗಿನ ಪುಸ್ತಕ. ಇಷ್ಟಕ್ಕೆ ಹೊಸ ಉಪಗ್ರಹ ಬೇಕಿಲ್ಲ.

ಆಲಿಬಾಬಾನ ಕತೆಯಲ್ಲಿ ಅಣ್ಣ ಕಾಸಿಮನದೊಂದು ಪ್ರಸಂಗವಿದೆ. ಆತ ಮಾತು ಹೇಳಿ ಗುಹೆಯ ಒಳಗೆ ಹೋಗುತ್ತಾನೆ. ಒಳಗಿನ ಹೊಳಪಿಗೆ ಮರುಳಾಗಿ ಹೊರಬರುವ ಹೊತ್ತಿಗೆ ಮಾತು ಮರೆತುಬಿಡುತ್ತಾನೆ. ಬಾರ್ಲಿಯ ಹೆಸರು ಹೇಳುತ್ತಾನೆ, ಬೇರೆ ಧಾನ್ಯಗಳ ಹೆಸರು ಹೇಳುತ್ತಾನೆ, ಎಳ್ಳು ಮಾತ್ರ ನೆನಪಾಗುವುದಿಲ್ಲ. ಬಾಗಿಲು ತೆರೆಯುವುದಿಲ್ಲ. ನಮ್ಮ ಮಕ್ಕಳ ಕೈಗೆ ಒಳಹೋಗುವ ಮಾತನ್ನು ನಾವು ಯಾವತ್ತೋ ಕೊಟ್ಟಿದ್ದೇವೆ, ಎರಡು ವರ್ಷದ ಬೆರಳಿಗೂ ಅದು ಗೊತ್ತು. ಹೊರಬರುವ ಮಾತನ್ನು ಹೇಳಿಕೊಡಬೇಕಾದವರು ಗುಹೆಯ ಹೊರಗೆ ಇಲ್ಲ, ಅದೇ ಮನೆಯಲ್ಲಿದ್ದಾರೆ. ಇಂದು ರಾತ್ರಿ ಊಟದ ಹೊತ್ತಿಗೆ ಚೊಂಬಿಗೆ ಆನಿಸಿಟ್ಟ ಆ ಮೊಬೈಲನ್ನು ಸ್ವಲ್ಪ ಸರಿಸಿ, ಗೊಣಗುವ ಅಜ್ಜಿಯನ್ನು ಮಗುವಿನ ಎದುರು ಕೂರಿಸೋಣ. ಆನೆ ಎಂದರೆ ಏನೆಂದು ಆಕೆ ಹೇಳಲಿ.